ರೀಪರ್: ಫೇಡರ್ ಇಳಿಸಿದರೂ ರಿವರ್ಬ್ ಹೋಗದಿದ್ದರೆ

ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಗಾಯನದ ಟ್ರ್ಯಾಕಿನ ಫೇಡರನ್ನು (ದನಿಯ ಮಟ್ಟದ ಸ್ಲೈಡರ್) ಪೂರ್ತಿ ಇಳಿಸಿದರೂ ರಿವರ್ಬ್ (ಮಾರ್ದನಿ) ಮಾತ್ರ ಅಷ್ಟೇ ಜೋರಾಗಿ ಕೇಳುತ್ತಿತ್ತು. ಜೊತೆಗೆ, ಸೆಂಡ್ (ಗಾಯನವನ್ನು ರಿವರ್ಬ್ ಟ್ರ್ಯಾಕಿಗೆ ಕಳಿಸುವ ಮಟ್ಟ) ಏರಿಸಿದಷ್ಟೂ ಮಾರ್ದನಿಗಿಂತ ದನಿಯೇ ಜೋರಾಗುತ್ತಿತ್ತು.

ರಿವರ್ಬ್‌ನ ರೂಮ್ ಸೈಜ್ ತಗ್ಗಿಸಿದರೆ ಮಾರ್ದನಿ ಮೋಟಾಯಿತು, ಅಷ್ಟೇ. ರಿವರ್ಬ್ ಇರುವ ರಿಟರ್ನ್ ಟ್ರ್ಯಾಕಿಗೆ ಆಟೊಮೇಷನ್ (ಮಟ್ಟ ತಾನಾಗಿ ಏರಿಳಿಯುವ ಸೂಚನೆ) ಬರೆದರೆ ಅಲ್ಲಿಗೇ ಬರುವ ಕೊಳಲಿನ ರಿವರ್ಬೂ ಕುಸಿಯಿತು. ಪ್ಲಗಿನ್ ಬದಲಿಸಿದ್ದೂ ವ್ಯರ್ಥ.

ದೋಷ ಇದ್ದದ್ದು ರೂಟಿಂಗ್‌ನಲ್ಲಿ, ಅಂದರೆ ಸಿಗ್ನಲ್ ಸಾಗುವ ದಾರಿಯಲ್ಲಿ. ಗಾಯನದ ಟ್ರ್ಯಾಕಿನ ರೂಟ್ ಬಟನ್ ಒತ್ತಿ, ರಿವರ್ಬ್‌ಗೆ ಹೋಗುವ ಸೆಂಡ್‌ನಲ್ಲಿ ‘ಪ್ರೀ-ಫೇಡರ್’ ಇದ್ದದ್ದನ್ನು ‘ಪೋಸ್ಟ್-ಫೇಡರ್’ ಮಾಡಬೇಕು. ಪ್ರೀ-ಫೇಡರ್ ಸೆಂಡ್ ಫೇಡರಿಗಿಂತ ಮೊದಲೇ ಸಿಗ್ನಲ್ ಎತ್ತಿಕೊಳ್ಳುತ್ತದೆ; ಗಾಯಕರ ಹೆಡ್‌ಫೋನ್ ಮಿಕ್ಸ್‌ಗೆ ಅದೇ ಸರಿ, ರಿವರ್ಬ್‌ಗೆ ಅಲ್ಲ. ಬದಲಿಸಿದೊಡನೆ ರಿವರ್ಬ್ ತಗ್ಗಿದಂತೆ ಕೇಳಿದರೆ ಗಾಬರಿ ಬೇಡ: ಫೇಡರ್ -8 ಡಿಬಿಯಲ್ಲಿದ್ದರೆ ಸೆಂಡನ್ನು 8 ಡಿಬಿ ಏರಿಸಿ, ಮೊದಲಿನ ಮಟ್ಟ ಸಿಗುತ್ತದೆ.

ಆಮೇಲೆ ರಿಟರ್ನ್ ಟ್ರ್ಯಾಕಿನ ರಿಯಾವರ್ಬೇಟ್ ಎಂಬ ರಿವರ್ಬ್ ಪ್ಲಗಿನ್‌ನಲ್ಲಿ ಡ್ರೈ (ಮೂಲ ದನಿ) ಸ್ಲೈಡರನ್ನು ಪೂರ್ತಿ ತಳಕ್ಕೆ ಎಳೆದು, ವೆಟ್ (ಮಾರ್ದನಿ) 0 ಡಿಬಿ ಇಡಿ. ಡ್ರೈ ತೆರೆದಿದ್ದರೆ ಮೂಲ ದನಿ ಎರಡು ದಾರಿಯಲ್ಲಿ ಮಾಸ್ಟರ್ (ಕೊನೆಯ ಔಟ್‌ಪುಟ್) ಸೇರುತ್ತದೆ. ದನಿ ಜೋರಾಗುತ್ತಿದ್ದುದು ಇದರಿಂದಲೇ. ಇನಿಷಿಯಲ್ ಡಿಲೇ (ಮಾರ್ದನಿ ಶುರುವಾಗುವ ಮುಂಚಿನ ಅಂತರ) 25 ಮಿಲಿಸೆಕೆಂಡ್, ಹೈಪಾಸ್ (ಕೆಳಸ್ತರದ ದನಿ ಸೋಸುವ ಫಿಲ್ಟರ್) 250 ಹರ್ಟ್ಸ್ ಇಟ್ಟರೆ ಸಾಹಿತ್ಯದ ಅಕ್ಷರಗಳೂ ಸ್ಪಷ್ಟವಾಗಿ ಕೇಳುತ್ತವೆ.