ಗಲಾಟೆ ತಣ್ಣಗಾದ ಬೀದಿಯಲ್ಲಿ ನಾಲ್ಕೇ ಮನೆಯವರಿದ್ದರೆ

ಕೋಮು ಗಲಾಟೆ ಆದ ಬೀದಿಯಲ್ಲಿ ಪೊಲೀಸ್ ವ್ಯಾನು ಕೆಲವು ದಿನ ನಿಂತಿರುತ್ತದೆ. ಅಲ್ಲಿ ಕಡಿಮೆ ಸಂಖ್ಯೆಯಲ್ಲಿರುವವರಿಗೆ ಕಷ್ಟ ಶುರುವಾಗುವುದು ವ್ಯಾನು ಹೋದ ಮೇಲೆ. ಶಿವಮೊಗ್ಗದ ಒಂದು ಬಡಾವಣೆಯಲ್ಲಿ ಆ ನಾಲ್ಕು ಮನೆ ಮುಸ್ಲಿಮರದ್ದಾಗಿರಬಹುದು, ಇನ್ನೊಂದರಲ್ಲಿ ಹಿಂದೂಗಳದ್ದು, ಮತ್ತೊಂದು ಕಡೆ ಕ್ರೈಸ್ತರದ್ದು. ಅಕ್ಕಪಕ್ಕದವರು ಮಾಡಬೇಕಾದ ಕೆಲಸ ಎಲ್ಲ ಕಡೆಯೂ ಒಂದೇ.

ಮೊದಲನೆಯದು, ಗುಡಿಸಬೇಡಿ. ಒಡೆದ ಗಾಜು, ಸುಟ್ಟ ಬೈಕು ಇದ್ದಲ್ಲೇ ಇರಲಿ. ಬೀದಿಯ ತುದಿಯಿಂದ ಒಂದು, ಕಟ್ಟಡ ಪೂರ್ತಿ ಕಾಣುವಂತೆ ಒಂದು, ಹಾನಿಯಾದ ಜಾಗದ ಹತ್ತಿರದಿಂದ ಒಂದು ಫೋಟೊ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದೇ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ಹೊತ್ತಿನ ವಿವರವೂ ಉಳಿಯುವುದಿಲ್ಲ. ಹಾಗಾಗಿ ಮೂಲ ಫೋಟೊ ಇರುವ ಫೋನನ್ನು ಜೋಪಾನ ಮಾಡಿ. ಇಂಥ ಡಿಜಿಟಲ್ ಫೋಟೊಗೆ ಕೋರ್ಟಿನಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕಾಗುತ್ತದೆ. ಪೊಲೀಸರು ಸ್ಥಳ ನೋಡಿ ಬರೆಯುವ ಮಹಜರು ಮುಗಿದ ಮೇಲೆ ಪೊರಕೆ ಹಿಡಿಯಿರಿ. ಅಂಗಡಿಗೆ ಬೆಂಕಿ ವಿಮೆ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಗಲಭೆಯ ಹಾನಿಯೂ ಸೇರಿರುತ್ತದೆ. ಪಾಲಿಸಿ ತೆಗೆದು ನೋಡಿ, ಕಂಪನಿಗೆ ಅಂದೇ ತಿಳಿಸಿ.

ಕೇಸು ನಿಲ್ಲುವುದೂ ಬೀಳುವುದೂ ದೂರಿನಲ್ಲೇ. ‘ಅಂಗಡಿ ಧ್ವಂಸ ಮಾಡಿದ್ದಾರೆ’ ಎಂದು ಬರೆದರೆ ಸಾಲದು. ಗಾಜಿನ ಕಪಾಟು ಎರಡು, ತಕ್ಕಡಿ ಒಂದು, ಸಿಪ್ಪೆಗೋಟು ಅಡಿಕೆ ಇಷ್ಟು ಚೀಲ ಎಂದು ಬೆಲೆ ಸಮೇತ ಬರೆಯಿರಿ. ಕಣ್ಣಾರೆ ಕಂಡವರ ಹೆಸರು ಮಾತ್ರ ಹಾಕಿ. ಸಿಟ್ಟಿಗೆ ಸೇರಿಸಿದ ಒಬ್ಬನು ಅಂದು ಊರಲ್ಲೇ ಇರಲಿಲ್ಲ ಎಂದು ಗೊತ್ತಾದರೆ, ನಿಜವಾಗಿ ಕಲ್ಲು ಹೊಡೆದವನೂ ಅದೇ ನೆಪದಲ್ಲಿ ಜಾರಿಕೊಳ್ಳುತ್ತಾನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಸೆಕ್ಷನ್ ಪ್ರಕಾರ ಇಂಥ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಬರವಣಿಗೆಯಲ್ಲಿ ಅಂಚೆ ಮೂಲಕ ಕಳಿಸಿ. ಪ್ರಾರ್ಥನೆಯ ಜಾಗಕ್ಕೆ ಹಾನಿಯಾಗಿದ್ದರೆ ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 298ನೇ ಸೆಕ್ಷನ್ ಸೇರಿದೆಯೇ ನೋಡಿ. ಆಮೇಲೆ ‘ಊರಲ್ಲಿ ಬಾಳಬೇಕಲ್ಲ’ ಎಂದು ರಾಜಿಗೆ ಕರೆಯುವವರು ಬಂದೇ ಬರುತ್ತಾರೆ. ಮಾತಾಡಿ, ತಪ್ಪಿಲ್ಲ, ಆದರೆ ಬರಿ ಹಾಳೆಗೆ ಸಹಿ ಬೇಡ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಈ ನೆರವಿಗೆ ಆದಾಯದ ಮಿತಿಯೇ ಇಲ್ಲ.

ವದಂತಿಯದ್ದು ಬೇರೆ ಕಥೆ. ಅದನ್ನು ಅಳೆಯಲು ಮಲೆನಾಡಿನಲ್ಲಿ ಸುಲಭದ ದಾರಿಯೊಂದಿದೆ. ಆಷಾಢದಲ್ಲಿ ಇಲ್ಲಿ ಜಡಿಮಳೆ ಹಿಡಿದಿರುವಾಗ ಬಂದ ವಿಡಿಯೊದಲ್ಲಿ ಬಿಸಿಲು, ಧೂಳು ಕಂಡರೆ ಅದು ಇವತ್ತಿನದ್ದಲ್ಲ. ವಾಹನದ ನಂಬರ್ ನೋಡಿ: ಶಿವಮೊಗ್ಗದ್ದು ಕೆಎ-14, ಸಾಗರದ್ದು ಕೆಎ-15. ಅಂಗಡಿ ಬೋರ್ಡಿನ ಭಾಷೆ ನೋಡಿ. ಕೊನೆಗೆ, ಹೇಳಿದ ಬೀದಿಯಲ್ಲೇ ಇರುವವರಿಗೆ ಫೋನ್ ಮಾಡಿ ಕೇಳಿ.

ತೋಟದ ನಡುವಿನ ಒಂಟಿಮನೆಗೆ ಪೇಟೆಯ ಉಪಾಯ ನಡೆಯುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ, ತುರ್ತು ಕರೆಯ 112 ಹತ್ತುವುದಿಲ್ಲ. ಯಾರ ಜೀಪು ಬರಬೇಕು, ಯಾವ ಮನೆಗೆ ಹೋಗಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಪಹಣಿ, ರೇಷನ್ ಕಾರ್ಡು, ಮಾತ್ರೆ, ಟಾರ್ಚು ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ.

ಮುಂದಿನ ಮೆರವಣಿಗೆಗೆ ಮುಂಚೆ ಶಾಂತಿ ಸಭೆ ಕರೆಯುತ್ತಾರೆ. ಮುಂದಿನ ಕುರ್ಚಿಯಲ್ಲಿ ಪ್ರತಿವರ್ಷದ ಮುಖಂಡರೇ ಇರುತ್ತಾರೆ. ಆ ನಾಲ್ಕು ಮನೆಯವರನ್ನೂ ತಳ್ಳುಗಾಡಿಯವರನ್ನೂ ಕರೆದುಕೊಂಡು ಹೋಗಿ. ‘ಸೌಹಾರ್ದ’ದ ಭಾಷಣಕ್ಕಿಂತ, ಮಸೀದಿ, ಚರ್ಚು, ಗುಡಿಯ ಎದುರು ಮೆರವಣಿಗೆ ನಿಲ್ಲದೆ ಸಾಗಬೇಕೆಂಬ ಮಾತು ನಡಾವಳಿಯಲ್ಲಿ ದಾಖಲಾಗುವುದು ಮುಖ್ಯ. ಅಂಥ ಜಾಗದಲ್ಲಿ ಹಗ್ಗ ಹಿಡಿದು ನಿಲ್ಲುವ ಹುಡುಗರು ಮೆರವಣಿಗೆಯವರ ಕಡೆಯವರೇ ಆಗಿರಲಿ, ತಮ್ಮವರ ಮಾತನ್ನೇ ಜನ ಕೇಳುವುದು. ಹಿಂದಿನ ದಿನ ದಾರಿಯುದ್ದಕ್ಕೂ ನಡೆದು, ಮನೆ ಕಟ್ಟಲು ಸುರಿದ ಜಲ್ಲಿ, ಇಟ್ಟಿಗೆ ರಾಶಿ, ಖಾಲಿ ಸೋಡಾ ಬಾಟಲಿಯ ಕ್ರೇಟು ತೆಗೆಸಿ. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ಕಾನೂನಿನಲ್ಲೇ ತಡೆಯಿದೆ. ಅದನ್ನು ಸಭೆಯಲ್ಲೇ ಎತ್ತಿ.

ವ್ಯಾಪಾರ ಬಹಿಷ್ಕಾರ ಸದ್ದಿಲ್ಲದೆ ನಡೆಯುತ್ತದೆ. ವಾರದ ಸಂತೆಯಲ್ಲಿ ‘ಈ ವಾರ ಜಾಗ ಇಲ್ಲ’ ಎಂದರೆ ಸಾಕು, ಮನೆಯ ಒಲೆ ಆರುತ್ತದೆ. ಹಳೆಯ ಸುಂಕದ ಚೀಟಿಗಳನ್ನು ಎಸೆಯಬೇಡಿ. ಪಂಚಾಯಿತಿಗೋ ನಗರಸಭೆಗೋ ಅರ್ಜಿ ಕೊಡುವಾಗ ಅವುಗಳ ಜೆರಾಕ್ಸ್ ಲಗತ್ತಿಸಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.