ನಲವತ್ತೆರಡು ಡಿಗ್ರಿಗೆ ಯಾವ ಬಣ್ಣದ ದಾರ?

ಎರಡು ವರ್ಷದ ಹಿಂದೆ ಜನವರಿ ಒಂದನೇ ತಾರೀಖು ಒಂದು ಹೊದಿಕೆ ಹೆಣೆಯಲು ಶುರು ಮಾಡಿದೆ. ದಿನಕ್ಕೆ ಒಂದೇ ಸಾಲು. ಆ ದಿನ ಕಲಬುರಗಿಯಲ್ಲಿ ಗರಿಷ್ಠ ಉಷ್ಣಾಂಶ ಎಷ್ಟು ಅಂತ ಸಂಜೆ ಡೈರಿಯಲ್ಲಿ ಬರೆಯುವುದು, ಆ ಅಂಕಿಗೆ ಗೊತ್ತು ಮಾಡಿದ ಬಣ್ಣದ ದಾರ ತೆಗೆದು ಸಾಲು ಹೆಣೆಯುವುದು. ವರ್ಷ ಮುಗಿಯುವ ಹೊತ್ತಿಗೆ ಇಡೀ ವರ್ಷದ ಬಿಸಿಲು, ಮಳೆ, ಚಳಿ ಮಂಚದ ಮೇಲೆ ಹಾಸಿಕೊಂಡಿರುತ್ತದೆ. ಇದಕ್ಕೆ ಟೆಂಪರೇಚರ್ ಬ್ಲಾಂಕೆಟ್ ಅನ್ನುತ್ತಾರೆ. ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯ ಹೆಣಿಗೆ, ಮಾಡುವವರಲ್ಲಿ ಬಹಳ ಮಂದಿಗೆ ಗೊತ್ತಿರುವ ಆಟ. ಅದು ಚಳಿ ದೇಶದವರಿಗೆ ಹೊಂದುವ ಆಟ ಎಂದು ನನಗೆ ಹೊಳೆದದ್ದು ಮಾತ್ರ ಮಾರ್ಚ್ ತಿಂಗಳಲ್ಲಿ.

ಕ್ರೋಶಾ ಕಡ್ಡಿ ಹಿಡಿಯಲು ಕಲಿಸಿದವಳು ಅವ್ವ. ಬಾಗಿಲಿಗೆ ಉಲ್ಲನ್ ತೋರಣ, ಟಿವಿ ಮೇಲೆ ಹಾಕುವ ಬಟ್ಟೆ, ತೊಟ್ಟಿಲ ಕೂಸಿಗೆ ಕುಲಾವಿ. ಬಣ್ಣದ ವಿಚಾರದಲ್ಲಿ ನಮ್ಮ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಅಂಗಡಿಯಲ್ಲಿ ಯಾವುದಿದೆಯೋ ಅದೇ ಬಣ್ಣ. ಹಳದಿ, ಗಿಳಿಹಸಿರು, ರಾಣಿ ಬಣ್ಣ, ಕೆಂಪು. ನಾಲ್ಕೂ ಒಂದೇ ತೋರಣದಲ್ಲಿ!

ಹಾಗಾಗಿ ಈ ಹೊದಿಕೆಗೂ ನಾನು ಬಣ್ಣ ಯೋಚಿಸಲಿಲ್ಲ, ಸಿದ್ಧವಾಗಿದ್ದ ಒಂದು ಪಟ್ಟಿಯನ್ನೇ ತೆಗೆದುಕೊಂಡೆ. ಅದರಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ನೇರಳೆ, ಆಮೇಲೆ ನೀಲಿ, ಹಸಿರು, ಹಳದಿ, ಮೂವತ್ತು ದಾಟಿದರೆ ಕಡುಗೆಂಪು. ನಮ್ಮಲ್ಲಿ ಜನವರಿಯ ಮಧ್ಯಾಹ್ನವೇ ಮೂವತ್ತು ಮುಟ್ಟುತ್ತದೆ. ಸರಿ, ಅಂಕಿ ಬದಲಿಸಿ ಎಳೆದೆ: 26ಕ್ಕೆ ನೀಲಿ, 44ಕ್ಕೆ ಕೆಂಪು. ಜನವರಿ ಹಸಿರಾಯಿತು, ಫೆಬ್ರವರಿ ಹಳದಿಯಾಯಿತು, ಮಾರ್ಚ್ ಕಿತ್ತಳೆ. ಮಾರ್ಚ್ ಕೊನೆಗೆ ಹಿಡಿದು ನೋಡಿದರೆ ಥೇಟ್ ಸಿಗ್ನಲ್ ದೀಪ. ಇನ್ನು ಮುಂದೆ ಎರಡು ತಿಂಗಳು ಕೆಂಪು ಬಿಟ್ಟರೆ ಬೇರೆ ಉಂಡೆ ಮುಟ್ಟುವ ಹಾಗೇ ಇಲ್ಲ.

ಅದೇ ವಾರ ಶಾಲೆ ಮುಗಿಸಿ ಮಧ್ಯಾಹ್ನ ನಮ್ಮೂರಿನ ಅಪ್ಪನ ಕೆರೆ ಪಕ್ಕದಲ್ಲಿ ಬರುತ್ತಿದ್ದೆ. ಸೆರಗು ತಲೆ ಮೇಲೆ, ಕಣ್ಣು ಅರ್ಧ ಮುಚ್ಚಿ. ರಸ್ತೆ ಬೆಳ್ಳಗಿತ್ತು. ಆಕಾಶದಲ್ಲಿ ನೀಲಿಯೇ ಇರಲಿಲ್ಲ, ಸುಣ್ಣ ಬಳಿದ ಹಾಗಿತ್ತು. ಮನೆ ಅಂಗಳದ ಶಹಾಬಾದ್ ಕಲ್ಲು ಕಣ್ಣಿಗೆ ಚುಚ್ಚುತ್ತಿತ್ತು. ಈ ಬಿಸಿಲಲ್ಲಿ ಕೆಂಪು ಎಲ್ಲಿದೆ? ಗುಲ್‌ಮೊಹರ್ ಹೂವು ಬಿಟ್ಟರೆ ಎಲ್ಲೂ ಇಲ್ಲ. ನಮ್ಮ ಬಿಸಿಲು ಬಣ್ಣ ಕೊಡುವುದಿಲ್ಲ, ಇದ್ದದ್ದನ್ನೂ ಕಸಿದುಕೊಳ್ಳುತ್ತದೆ. ಬಣ್ಣ ಬರುವುದು ಜೂನ್ ಮಳೆಗೆ. ಎರೆ ಹೊಲ ಒಂದೇ ರಾತ್ರಿಯಲ್ಲಿ ಕಪ್ಪಾಗುತ್ತದೆ, ಎರಡು ವಾರಕ್ಕೆ ಹಸಿರಾಗುತ್ತದೆ.

ಮೂರು ತಿಂಗಳ ಕೆಲಸ ಬಿಚ್ಚಿದೆ. ಡೈರಿಯಲ್ಲಿ ಅಂಕಿ ಇತ್ತಲ್ಲ, ಚಿಂತೆ ಇರಲಿಲ್ಲ.

ಹೊಸ ಪಟ್ಟಿಯಲ್ಲಿ ತಂಪು ಎಂದರೆ ಗಾಢ, ಬಿಸಿ ಎಂದರೆ ತಿಳಿ. 28ಕ್ಕಿಂತ ಕಡಿಮೆ ಇದ್ದರೆ ನೆನೆದ ಎರೆ ಮಣ್ಣಿನ ಕಪ್ಪುಕಂದು. 28-29ಕ್ಕೆ ತೊಗರಿ ಗಿಡದ ಕಡುಹಸಿರು. 30-31ಕ್ಕೆ ಮಳೆ ಬಿದ್ದ ಶಹಾಬಾದ್ ಕಲ್ಲಿನ ಬೂದು. 32-33ಕ್ಕೆ ಬೀದರ್ ಕೆಂಪುಕಲ್ಲು. 34-35ಕ್ಕೆ ಮುತ್ತುಗದ ಹೂವಿನ ಕಿತ್ತಳೆ, ಅದು ಬಿಡುವುದೂ ಹೋಳಿ ಹೊತ್ತಿಗೇ ಅಲ್ವಾ. 36-37ಕ್ಕೆ ದಾಳಿಂಬೆ ಸಿಪ್ಪೆಯ ಹಳದಿ. 38-39ಕ್ಕೆ ತೊಗರಿ ಬೇಳೆ. 40-41ಕ್ಕೆ ಒಣಗಿದ ಜೋಳದ ಕಣಿಕೆ. 42-43ಕ್ಕೆ ಜೋಳದ ಹಿಟ್ಟು. 44 ಮುಟ್ಟಿದರೆ ಸುಣ್ಣದ ಬಿಳಿ.

ಇಂಥದ್ದು ಮಾಡುವವರು ಮೊದಲು ಕಳೆದ ವರ್ಷದ ಅಂಕಿ ಒಮ್ಮೆ ನೋಡಿಕೊಳ್ಳಿ. ಕಲಬುರಗಿಯಲ್ಲಿ ಮಳೆಗಾಲ, ಚಳಿಗಾಲ ಎರಡೂ ಸೇರಿ ಅರ್ಧ ವರ್ಷ 28ರಿಂದ 33ರ ನಡುವೆಯೇ ಕಳೆದುಹೋಗುತ್ತದೆ. ಆ ಮೂರು ಬಣ್ಣ ನಿಮಗೆ ನೋಡಿ ನೋಡಿ ಬೇಸರ ಬಾರದಂಥವು ಇರಬೇಕು. ಬಿಳಿ ಒಂದು ಚಿಕ್ಕ ಉಂಡೆ ಸಾಕು. ನನಗೆ ಬಿಳಿ ಬೇಕಾದದ್ದು ಎರಡೇ ಸಾಲಿಗೆ.

ದಾರಗಳನ್ನು ಒಂದು ರಟ್ಟಿನ ಮೇಲೆ ಸಾಲಾಗಿ ಸುತ್ತಿ ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದೆ. ಬಣ್ಣ ಹೋದ ಮೇಲೆ ಉಳಿಯುವುದು ಗಾಢ-ತಿಳಿ ಮಾತ್ರ. ಅಂಗಡಿಯಿಂದ ತಂದ ಬೂದು ಮತ್ತು ಕೆಂಪುಕಲ್ಲಿನ ಬಣ್ಣ ಬರಿಗಣ್ಣಿಗೆ ಎಷ್ಟು ಬೇರೆ! ಫೋಟೊದಲ್ಲಿ ಎರಡೂ ಒಂದೇ. ದೂರದಿಂದ ನೋಡಿದರೆ ಜುಲೈಗೂ ಫೆಬ್ರವರಿಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಇನ್ನೂ ಗಾಢವಾದ ಬೂದು ಬೇಕಿತ್ತು. ಅಂಗಡಿಯಲ್ಲಿ ಸಿಗಲಿಲ್ಲ. ಹಾಗಾಗಿ ನಾನೇ ಬಣ್ಣ ಹಾಕಲು ಹೊರಟೆ.

ಬೂದು ಬಣ್ಣಕ್ಕೆ ಬೇಕಾದದ್ದು ಎರಡೇ: ಒಗರು ಮತ್ತು ಕಬ್ಬಿಣ. ಒಂದು ಹಿಡಿ ತುಕ್ಕು ಮೊಳೆ, ಒಂದು ಹೆಂಟೆ ಬೆಲ್ಲ, ನೀರು, ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಸಡಿಲ ಬಿಟ್ಟು ಮಾಳಿಗೆ ಮೇಲೆ ಇಟ್ಟೆ. ಹದಿನೈದು-ಇಪ್ಪತ್ತು ದಿನಕ್ಕೆ ಹುಳಿತು ಕಡುಕಂದು ನೀರಾಗುತ್ತದೆ. ವಾಸನೆ ಬಗ್ಗೆ ಹೇಳದಿರುವುದೇ ಒಳ್ಳೆಯದು. ಕಲಂಕಾರಿ ಬರೆಯುವವರ ಕಪ್ಪು ಕೂಡ ಹೀಗೇ ಕಬ್ಬಿಣ, ಬೆಲ್ಲದಿಂದಲೇ ಬರುತ್ತದೆ. ಹತ್ತಿ ದಾರ 300 ಗ್ರಾಂ ಲಡಿ ಮಾಡಿ, ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಒಂದು ತಾಸು ಕುದಿಸಿ ಎಣ್ಣೆ, ಮೇಣದ ಅಂಶ ತೆಗೆದೆ. ಬಿಳಿ ಅಂತ ಕಂಡ ದಾರದಿಂದ ಚಹಾ ಬಣ್ಣದ ನೀರು ಇಳಿಯಿತು. ಈ ಕೆಲಸ ಬಿಟ್ಟರೆ ಬಣ್ಣ ಮಚ್ಚೆ ಮಚ್ಚೆಯಾಗಿ ಕೂರುತ್ತದೆ. ಆಮೇಲೆ ಅಳಲೆಕಾಯಿ ಪುಡಿ 60 ಗ್ರಾಂ, ಅಂದರೆ ದಾರದ ತೂಕದ ಐದನೇ ಒಂದು ಭಾಗ, ಬಿಸಿ ನೀರಿಗೆ ಹಾಕಿ ದಾರವನ್ನು ರಾತ್ರಿ ಇಡೀ ನೆನೆಸಿದೆ. ಬೆಳಿಗ್ಗೆ ಹಿಂಡಿದಾಗ ಹುಲ್ಲಿನ ಹಳದಿ.

ಇನ್ನು ಮಜಾ ಇರುವುದು ಮುಂದೆ. ಬಕೆಟ್ ನೀರಿಗೆ ಕಬ್ಬಿಣದ ನೀರು ನಾಲ್ಕು ಚಮಚ ಹಾಕಿ ದಾರ ಮುಳುಗಿಸಿದರೆ ಕಣ್ಣೆದುರೇ ಬೂದಾಗುತ್ತದೆ, ಉಸಿರು ಬಿಡುವಷ್ಟರಲ್ಲಿ ಕಲ್ಲಿನ ಬಣ್ಣ. ಅಳಲೆಕಾಯಿಯ ಒಗರು ಕಬ್ಬಿಣಕ್ಕೆ ಸೇರಿದ ತಕ್ಷಣ ಕಪ್ಪು ಹುಟ್ಟುತ್ತದೆ, ಹಿಂದಿನವರ ಮಸಿಯೂ ಇದೇ ಲೆಕ್ಕ. ನನಗೆ ಆಸೆ ಜಾಸ್ತಿಯಾಯಿತು, ಮೊದಲ ಲಡಿಗೆ ಅರ್ಧ ಡಬ್ಬಿ ಸುರಿದೆ. ಬಣ್ಣ ಅದ್ಭುತ. ಒಣಗಿದ ಮೇಲೆ ದಾರ ತೆಂಗಿನ ನಾರಿನ ಹಾಗೆ ಒರಟು, ಎಳೆದಲ್ಲಿ ತುಂಡು. ಕಬ್ಬಿಣ ಹೆಚ್ಚಾದರೆ ನೂಲನ್ನು ತಿನ್ನುತ್ತದೆ. ಎರಡನೇ ಸಲ ಚಮಚ ಲೆಕ್ಕದಲ್ಲಿ ಹಾಕಿದೆ, ಮುಳುಗಿಸಿ, ತೆಗೆದು, ಗಾಳಿಗೆ ಹಿಡಿದು, ಮತ್ತೆ ಮುಳುಗಿಸಿ. ಅಡುಗೆಯ ಪಾತ್ರೆ ಯಾವುದನ್ನೂ ಇದಕ್ಕೆ ಬಳಸಬೇಡಿ. ನೆಲದ ಮೇಲೂ ಮಾಡಬೇಡಿ. ನಮ್ಮ ಬಚ್ಚಲ ಫರ್ಸಿ ಮೇಲೆ ಬಿದ್ದ ಕಲೆ ಇವತ್ತಿಗೂ ಇದೆ, ಮನೆಯವರು ದಿನಾ ಅದನ್ನೇ ತೋರಿಸುತ್ತಾರೆ.

ಎರಡು ಕಂತಿನಲ್ಲಿ ಹಾಕಿದ ಬೂದು ಒಂದೇ ಸಮ ಬರಲಿಲ್ಲ, ಬರುವುದೂ ಇಲ್ಲ. ಅದಕ್ಕೆ ಉಪಾಯ ಸುಲಭ. ಒಂದು ಉಂಡೆ ಮುಗಿಸಿ ಇನ್ನೊಂದು ಹಿಡಿಯಬೇಡಿ. ಒಂದು ಸಾಲು ಇದರಲ್ಲಿ, ಮುಂದಿನ ಸಾಲು ಅದರಲ್ಲಿ. ಕಣ್ಣು ಎರಡನ್ನೂ ಬೆರೆಸಿಕೊಳ್ಳುತ್ತದೆ.

ಹಳದಿಗೆ ಎರಡು ತಿಂಗಳು ದಾಳಿಂಬೆ ಸಿಪ್ಪೆ ಒಣಗಿಸಿ ಕೂಡಿಟ್ಟೆ. ದಾರದಷ್ಟೇ ತೂಕದ ಸಿಪ್ಪೆ, ಒಂದು ತಾಸು ಕುದಿ, ಸೋಸು. ದಾರಕ್ಕೆ ಮೊದಲೇ ಅಳಲೆಕಾಯಿ, ಆಮೇಲೆ ಪಟಿಕ ಕಟ್ಟಿರಬೇಕು. ನಮ್ಮ ಕಡೆ ಫಿಟಕರಿ ಅನ್ನುವುದು ಇದಕ್ಕೇ. ದಾರದ ತೂಕಕ್ಕೆ ನೂರಕ್ಕೆ 15ರಷ್ಟು. ಅರಿಶಿಣ ಏಕೆ ಬೇಡ ಅಂತ ಎಲ್ಲರೂ ಕೇಳಿದರು. ಅದನ್ನೂ ಹಾಕಿ ನೋಡಿದೆ. ರಟ್ಟಿಗೆ ಸುತ್ತಿ, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಕಿಟಕಿಯಲ್ಲಿ ಇಟ್ಟೆ. ವಾರಕ್ಕೆ ಅರಿಶಿಣ ಮಂಕಾಯಿತು, ಸೋಪು ತಾಗಿದಲ್ಲಿ ಕೆಂಪಾಯಿತು. ದಾಳಿಂಬೆ ಜಗ್ಗಲಿಲ್ಲ. ಕುಸುಬೆ ಹೂವೂ ಪ್ರಯತ್ನ ಮಾಡಿದೆ. ಅದರ ಹಳದಿ ನೀರಲ್ಲೇ ತೊಳೆದು ಹೋಗುತ್ತದೆ, ಕೆಂಪು ಸೋಡಾ ನೀರಿಗೆ ಮಾತ್ರ ಇಳಿಯುತ್ತದೆ, ಆಮೇಲೆ ನಿಂಬೆ ಹಿಂಡಿ ದಾರಕ್ಕೆ ಏರಿಸಬೇಕು. ನನಗೆ ಬಂದದ್ದು ಕೂಸಿನ ಕೆನ್ನೆಯಷ್ಟು ಗುಲಾಬಿ. ಅದು ಹೊದಿಕೆಗೆ ಸೇರಲಿಲ್ಲ.

ಬಿಚ್ಚಿದ ತಿಂಗಳುಗಳನ್ನೆಲ್ಲ ಬೇಸಿಗೆ ರಜೆಯಲ್ಲಿ ಮತ್ತೆ ಹೆಣೆದೆ. 180 ಕುಣಿಕೆ, ಸಿಂಗಲ್ ಕ್ರೋಶಾ, 3 ಮಿಲಿಮೀಟರ್ ಕಡ್ಡಿ. ಒಂದು ಸಾಲಿಗೆ ಇಪ್ಪತ್ತು ನಿಮಿಷ. ಮೇ ತಿಂಗಳಲ್ಲಿ ತೊಡೆ ಮೇಲೆ ಹೊದಿಕೆ ಹರವಿಕೊಂಡು ಕೂರುವುದು ಶಿಕ್ಷೆಯೇ. ಅದಕ್ಕೇ ಪೂರ್ತಿ ಹೊದಿಕೆ ಹೆಣೆಯದೆ ತಿಂಗಳಿಗೆ ಒಂದು ಪಟ್ಟಿ ಮಾಡಿದೆ, ಹದಿನೆಂಟು ಸೆಂಟಿಮೀಟರ್ ಅಗಲದ್ದು. ಕೂಲರ್ ಮುಂದೆ ಕೂತರೆ ಅಷ್ಟು ಸಹಿಸಬಹುದು. ಉಲ್ಲನ್ ಬೇಡವೇ ಬೇಡ, ಬೆವರಿಗೆ ಅಂಟುತ್ತದೆ. ದಿನಾ ಬಣ್ಣ ಬದಲಾದರೆ ಎಳೆ ತುದಿಗಳು ನೂರಾರು ಉಳಿಯುತ್ತವೆ. ಅವನ್ನು ಕೊನೆಗೆ ಸೂಜಿಯಲ್ಲಿ ಸೇರಿಸುತ್ತೇನೆ ಅಂದುಕೊಂಡವರು ಹೊದಿಕೆ ಮುಗಿಸುವುದಿಲ್ಲ. ಹೆಣೆಯುವಾಗಲೇ ತುದಿಯನ್ನು ಕುಣಿಕೆಗಳ ಒಳಗೆ ಮುಚ್ಚಿಕೊಂಡು ಹೋಗಿ.

ಜೂನ್‌ನಲ್ಲಿ ಒಂದು ಜಗಳವಾಯಿತು. ಜೋಳದ ಹಿಟ್ಟಿನ ಬಣ್ಣದ ದಾರ ಏಪ್ರಿಲ್ ಪಟ್ಟಿಯಲ್ಲಿ ಬೆಚ್ಚಗೆ, ಕೆನೆಯ ಹಾಗೆ ಇತ್ತು. ಎರಡನೇ ಉಂಡೆ ತಂದೆ. ನಡುವೆ ಒಂದು ಸಂಜೆ ಗುಡುಗಿ ಮಳೆ ಬಂದು ಉಷ್ಣಾಂಶ ದಡಕ್ಕನೆ 35ಕ್ಕೆ ಇಳಿಯಿತು, ಮರುದಿನ ಮತ್ತೆ 42. ಕಿತ್ತಳೆ ಸಾಲಿನ ಪಕ್ಕ ಕೂತ ಆ ಕೆನೆ ನೀಲಿಗಟ್ಟಿ ಕಾಣಿಸಿತು. ಲಾಟ್ ಬೇರೆ, ಅಂದರೆ ಬೇರೆ ಕಂತಿನಲ್ಲಿ ಬಣ್ಣ ಹಾಕಿದ ದಾರ ಕೊಟ್ಟಿದ್ದಾರೆ ಅಂತ ಅಂಗಡಿಗೆ ಹೋಗಿ ಸಿಟ್ಟು ಮಾಡಿದೆ. ಅಂಗಡಿಯ ಅಣ್ಣ ಏನೂ ಅನ್ನಲಿಲ್ಲ. ಹಳೆ ಎಳೆ, ಹೊಸ ಎಳೆ ಎರಡನ್ನೂ ಬಾಗಿಲಿಗೆ ತಂದು ಬಿಸಿಲಲ್ಲಿ ಹಿಡಿದರು. "ನೋಡ್ರಿ ಅಕ್ಕಾ, ಎರಡೂ ಒಂದೇ ಅದ."

ಒಂದೇ ಇತ್ತು.

ಇದು ನನ್ನೊಬ್ಬಳ ಕಣ್ಣಿನ ದೋಷವಲ್ಲ. ಪ್ಯಾರಿಸ್‌ನ ಗೋಬೆಲಾಂ ಎಂಬ ನೇಯ್ಗೆ ಕಾರ್ಖಾನೆಯಲ್ಲಿ 1824ರಿಂದ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಷೆವ್ರಲ್ ಎಂಬ ರಸಾಯನ ತಜ್ಞರಿಗೂ ಇಂಥದೇ ದೂರು ಬಂದಿತ್ತು. ಕಪ್ಪು ದಾರ ಸರಿಯಾಗಿ ಕಪ್ಪಾಗಿಲ್ಲ ಅಂತ. ಅವರು ಹುಡುಕಿ ನೋಡಿದಾಗ ದಾರ ಸರಿಯಾಗೇ ಇತ್ತು. ಪಕ್ಕದಲ್ಲಿದ್ದ ನೀಲಿ, ನೇರಳೆಯಿಂದಾಗಿ ಕಪ್ಪು ಮಂಕಾಗಿ ಕಾಣುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಎಂದು ಅವರು 1839ರಲ್ಲಿ ವಿವರವಾಗಿ ಬರೆದರು. ಅಣ್ಣನಲ್ಲಿ ತಪ್ಪಾಯಿತು ಅಂದೆ, ಆಮೇಲೆ ನಾಚಿಕೆಗೆ ಬೇಡವಾದ ಎರಡು ಉಂಡೆ ಕೊಂಡು ಬಂದೆ.

ನಮ್ಮ ದೊಡ್ಡವ್ವನಿಗೆ ಈ ಕತೆ ಹೇಳಿದೆ. ಅವಳು ನಲವತ್ತು ವರ್ಷ ಕೌದಿ ಹೊಲಿದವಳು. "ಅದಕ್ಕ ಪ್ಯಾರಿಸ್ ತನಕಾ ಯಾಕ ಹೋಗಬೇಕು? ಗದ್ಲ ಮಾಡೋ ಬಣ್ಣ ಎರಡು ಬಾಜೂಕ ಕೂಡಸಬಾರದು. ನಡಕ ಒಂದು ಕರೇ ಚಿಂದಿ ಹಾಕು" ಅಂದಳು. ಅವಳ ಹಳೆ ಕೌದಿ ತೆಗೆದು ನೋಡಿದರೆ ನಿಜ, ರಾಣಿ ಬಣ್ಣ, ಹಳದಿ ತುಂಡುಗಳ ನಡುವೆ ಎಲ್ಲ ಕಡೆ ಒಂದು ಮಾಸಿದ ಕರೇ ಸೀರೆಯ ಪಟ್ಟಿ.

ಹನ್ನೆರಡು ಪಟ್ಟಿ ಜೋಡಿಸಲು ಕಪ್ಪು ದಾರ ಹಿಡಿಯಲೋ ಬೇಡವೋ ಅಂತ ನವೆಂಬರ್ ತನಕ ತೂಗಾಡಿದೆ. ಆಮೇಲೆ ಒಂದು ಮದುವೆಗೆ ಬೀದರ್‌ಗೆ ಹೋದಾಗ ಕೋಟೆಯ ರಂಗೀನ್ ಮಹಲ್ ನೋಡಿದೆ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ್ದಾರೆ. ಚಿಪ್ಪಿಗೆ ಸ್ವಂತ ಬಣ್ಣ ಅನ್ನುವಂಥದ್ದು ಎಷ್ಟಿದೆ? ಕಪ್ಪಿನಲ್ಲಿ ಕೂತಿದ್ದಕ್ಕೆ ಅದರಲ್ಲಿ ಗುಲಾಬಿ, ಹಸಿರು ಎಲ್ಲ ಕಾಣುತ್ತದೆ. ಬಿದರಿ ಪಾತ್ರೆಗಳಲ್ಲಿ ಕೂಡಿಸಿದ ಬೆಳ್ಳಿಯೂ ಹಾಗೇ. ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಲ್ಲಿ ಅದ್ದಿದಾಗ ಸತುವಿನ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಊರಿಗೆ ಬಂದವಳೇ ಕಪ್ಪು ದಾರ ತಂದೆ. ಏಪ್ರಿಲ್, ಮೇ ಪಟ್ಟಿಗಳು ಅದರ ನಡುವೆ ಹೊಳೆಯುತ್ತವೆ. ಜುಲೈ, ಆಗಸ್ಟ್ ಪಟ್ಟಿಗಳಲ್ಲಿ ಮಾತ್ರ ಕಪ್ಪುಕಂದು ಸಾಲುಗಳ ಜೊತೆ ಜೋಡಣೆಯ ಗೆರೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಮೊದಲು ಬಿಚ್ಚೋಣ ಅನ್ನಿಸಿತು. ಆಮೇಲೆ ಹಾಗೇ ಬಿಟ್ಟೆ.

ತೂಕ ಒಂದು ಕಿಲೋ ಹತ್ತಿರ ಬಂತು. ಜನವರಿ ಒಂದಕ್ಕೆ ಮಂಚದ ಮೇಲೆ ಹಾಸಿ, ದೊಡ್ಡವ್ವನನ್ನು ಕೂರಿಸಿಕೊಂಡು ಸಾಲು ಎಣಿಸಿದೆ. ಡೈರಿಯಲ್ಲಿ 365 ಗುರುತು. ಹೊದಿಕೆಯಲ್ಲಿ 364 ಸಾಲು. ಮತ್ತೆ ಎಣಿಸಿದೆ, ಪಟ್ಟಿ ಪಟ್ಟಿಯಾಗಿ. ಏಪ್ರಿಲ್‌ನಲ್ಲಿ 29 ಇದೆ. ಯಾವ ದಿನ ಬಿಟ್ಟೆ ಅಂತ ಹುಡುಕಲು ಹೋದರೆ ಕಣಿಕೆ, ಜೋಳದ ಹಿಟ್ಟು, ಕಣಿಕೆ, ಜೋಳದ ಹಿಟ್ಟು, ಜೋಳದ ಹಿಟ್ಟು. ಎಲ್ಲ ಒಂದೇ ಥರ. ಡೈರಿ ಪಕ್ಕದಲ್ಲಿಟ್ಟು ಎರಡು ಸಲ ನೋಡಿದರೂ ಸಿಗಲಿಲ್ಲ.

"ಬಿಡವ್ವ," ಅಂದಳು ದೊಡ್ಡವ್ವ. "ಒಂದ್ ದಿನದ ಬಿಸ್ಲು ಕಮ್ಮಿ ಆತು."