ಸ್ಪ್ರಿಂಗೂ ಹೊಸದು, ಸದ್ದೂ ಹೊಸದು

ಹೋದ ಮಳೆಗಾಲದಲ್ಲಿ ನಮ್ಮ ಕಾರಿನ ಮುಂದಿನ ಎಡಗಡೆ ಸಸ್ಪೆನ್ಶನ್ ಸ್ಪ್ರಿಂಗು ತುಕ್ಕು ಹಿಡಿದು ಬುಡದ ಸುತ್ತಿನಲ್ಲೇ ಮುರಿಯಿತು. ಒಂದನ್ನೇ ಬದಲಿಸಿದರೆ ಕಾರು ವಾಲುತ್ತದೆ ಅಂತ ಎರಡೂ ಕಡೆ ಹೊಸದು ಹಾಕಿಸಿದೆ. ಗ್ಯಾರೇಜಿನಿಂದ ಬಂದು ಮನೆ ಗೇಟಿನ ಮುಂದೆ ಸ್ಟೀರಿಂಗ್ ಪೂರ್ತಿ ತಿರುಗಿಸಿದೆ, 'ಟೊಂಯ್' ಅಂತು. ಪಕ್ಕದಲ್ಲಿದ್ದ ಅಮ್ಮ, "ಯಾರೋ ತಂಬೂರಿ ಮೀಟಿದ ಹಾಗಾಯ್ತಲ್ಲೋ" ಅಂದಳು. ಅರ್ಧ ರೋಗ ಅಲ್ಲೇ ಗೊತ್ತಾಯ್ತು.

ಹೊಸ ಸ್ಪ್ರಿಂಗು ತಾನಾಗಿ ಸದ್ದು ಮಾಡುವುದು ಅಪರೂಪ. ಅದನ್ನು ಕೂರಿಸಲು ಏನೇನು ಬಿಚ್ಚಿದ್ದರೋ ಅದರಲ್ಲೇ ಕಳ್ಳ ಇರುತ್ತಾನೆ. ಶಾಕ್ (ಶಾಕ್ ಅಬ್ಸಾರ್ಬರ್) ಹೋಗಿದೆ, ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ತೋಳು) ಹೋಗಿದೆ ಅಂತ ಯಾರಾದರೂ ಪಟ್ಟಿ ಕೊಟ್ಟರೆ ಸ್ವಲ್ಪ ತಡೆಯಿರಿ, ನಿನ್ನೆ ಬಿಚ್ಚಿದ್ದನ್ನು ಮೊದಲು ನೋಡೋಣ.

ವೀಲ್ ನಟ್ ಬಿಗಿ ಇವೆಯಾ ನೋಡಿ. ನಗಬೇಡಿ, ಇದು ಆಗುತ್ತದೆ. ಬ್ರೇಕ್ ಹೋಸ್, ಎಬಿಎಸ್ ವೈರು ಸ್ಟ್ರಟ್‌ಗೆ, ಅಂದರೆ ಶಾಕೂ ಸ್ಪ್ರಿಂಗೂ ಸೇರಿದ ಕಂಬಕ್ಕೆ, ಸಿಕ್ಕಿಸಿದ ಕ್ಲಿಪ್ಪಿನಲ್ಲಿ ಇವೆಯಾ ಅಂತಲೂ ಒಮ್ಮೆ ಇಣುಕಿ.

ಆಮೇಲೆ ಒಂದು ಹಂಪ್ ಹುಡುಕಿ. ಮೊದಲು ನೇರವಾಗಿ, ಎರಡೂ ಮುಂದಿನ ಚಕ್ರ ಒಟ್ಟಿಗೆ ಹತ್ತುವಂತೆ ನಿಧಾನಕ್ಕೆ ದಾಟಿ. ಆಮೇಲೆ ಒಂದೇ ಚಕ್ರ ಗುಂಡಿಗೆ ಇಳಿಯುವಂತೆ ಓಡಿಸಿ. ಎರಡೂ ಚಕ್ರ ಒಟ್ಟಿಗೆ ಏರಿದರೆ ಆ್ಯಂಟಿ ರೋಲ್ ಬಾರ್ (ಕಾರು ವಾಲದಂತೆ ಎಡಬಲ ಚಕ್ರಗಳ ನಡುವೆ ಹಾಯುವ ಸರಳು) ತನ್ನ ಬುಷ್‌ನೊಳಗೆ, ಅಂದರೆ ರಬ್ಬರಿನ ಹಿಡಿಕೆಯೊಳಗೆ, ಸುಮ್ಮನೆ ಹೊರಳುತ್ತದೆ, ಅದರ ತುದಿಗೆ ಸಿಕ್ಕಿಸಿದ ಚಿಕ್ಕ ಲಿಂಕ್ ರಾಡಿಗೆ ಹೆಚ್ಚು ಭಾರ ಬೀಳುವುದಿಲ್ಲ. ಒಂದೇ ಚಕ್ರ ಇಳಿದಾಗ ಬಾರ್ ತಿರುಚಿ ಲಿಂಕನ್ನು ಎಳೆಯುತ್ತದೆ. ಹಾಗಾಗಿ ಒಂದೇ ಚಕ್ರಕ್ಕೆ 'ಟಕ ಟಕ' ಬಂದು ನೇರ ಹಂಪಿಗೆ ಬರದಿದ್ದರೆ ನನ್ನ ಮೊದಲ ಅನುಮಾನ ಲಿಂಕ್ ನಟ್ಟಿನ ಮೇಲೆ. ಸ್ಟ್ರಟ್ ಇಳಿಸುವಾಗ ಸಾಮಾನ್ಯವಾಗಿ ಅದನ್ನು ಬಿಚ್ಚಿರುತ್ತಾರೆ. ನೇರ ಹಂಪಿಗೂ 'ಧಡ್' ಅಂದರೆ ಶಾಕಿನ ಮೇಲ್ತುದಿಯ ನಟ್ಟು ಅಥವಾ ಸ್ಟ್ರಟ್ಟನ್ನು ಮೇಲೆ ಬಾಡಿಗೆ ಕೂಡಿಸುವ ಸ್ಟ್ರಟ್ ಮೌಂಟ್ ನೋಡಿ. ಕೀರಲು ಸದ್ದಾದರೆ ಲೋವರ್ ಆರ್ಮ್ ಬುಷ್: ರಬ್ಬರ್ ಬುಷ್‌ನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ಕಾರು ಇಳಿಸಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ. ಸಡಿಲಿಸಿ, ಕಾರಿನ ಭಾರ ಚಕ್ರದ ಮೇಲೆ ಬಿಟ್ಟು, ಮತ್ತೆ ಬಿಗಿಯಬೇಕು.

ನನ್ನದು ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಬರುವ ಸದ್ದು. ನಮ್ಮ ಕಾರಿನ ಮುಂದೆ ಇರುವ ಮ್ಯಾಕ್‌ಫರ್ಸನ್ ಎಂಬ ಬಗೆಯ ಸ್ಟ್ರಟ್‌ನಲ್ಲಿ ಚಕ್ರದ ಜೊತೆ ಸ್ಪ್ರಿಂಗೂ ತಿರುಗಬೇಕು, ಮೇಲಿನ ಬೇರಿಂಗ್ ಅದಕ್ಕೆ ದಾರಿ ಬಿಡುತ್ತದೆ. ಎಲ್ಲೋ ಹಿಡಿದುಕೊಂಡರೆ ಸ್ಪ್ರಿಂಗು ಹುರಿಗೊಂಡು, ತಡೆಯಲಾರದೆ ಒಮ್ಮೆಲೇ ಜಾರುತ್ತದೆ. ತಂಬೂರಿ ಅದೇ. ಗೇರು ನ್ಯೂಟ್ರಲ್ಲಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ತಮ್ಮನಿಗೆ ಸ್ಟೀರಿಂಗ್ ಮೆಲ್ಲಗೆ ತಿರುಗಿಸಲು ಹೇಳಿದೆ. ನಾನು ಸ್ಪ್ರಿಂಗಿನ ಹೊರಮೈಗೆ ಬೆರಳ ತುದಿ ತಾಗಿಸಿ ನಿಂತೆ. ಸುತ್ತುಗಳ ನಡುವೆ ಬೆರಳು ಹಾಕಲೇಬೇಡಿ, ಟಯರಿಗೂ ಬಾಡಿಗೂ ನಡುವೆ ಕೈ ಸಿಗದಂತೆಯೂ ನೋಡಿಕೊಳ್ಳಿ. ಬಲಗಡೆ ನುಣ್ಣಗೆ ತಿರುಗಿತು. ಎಡಗಡೆಯದು ಬೆರಳಿಗೆ ಏಟು ಕೊಟ್ಟ ಹಾಗೆ ಹಾರಿತು.

ಮೇಲೋ ಕೆಳಗೋ? ಮಗಳ ಪೆನ್ಸಿಲ್ ಡಬ್ಬಿಯಿಂದ ವೈಟ್ನರ್ ತಂದು ಸ್ಪ್ರಿಂಗಿನ ಬುಡಕ್ಕೂ ಅದು ಕೂತ ತಟ್ಟೆಗೂ ಸೇರಿಸಿ ಒಂದು ಗೆರೆ ಎಳೆದೆ, ಮೇಲ್ತುದಿಯಲ್ಲಿ ಇನ್ನೊಂದು. ಹತ್ತು ಸಲ ಆ ಕಡೆ ಈ ಕಡೆ ತಿರುಗಿಸಿ ನೋಡಿದರೆ ಮೇಲಿನ ಗೆರೆ ಹಾಗೇ ಇದೆ, ಕೆಳಗಿನದು ತುಂಡಾಗಿ ಒಂದು ಬೆರಳಗಲ ಸರಿದಿದೆ. ಟಾರ್ಚ್ ಬಿಟ್ಟೆ. ಕೆಳಗಿನ ತಟ್ಟೆಯಲ್ಲಿ ಸ್ಪ್ರಿಂಗಿನ ತುದಿ ಒತ್ತಿ ನಿಲ್ಲಲು ಒಂದು ಮೆಟ್ಟಿಲು ಇರುತ್ತದೆ. ನಮ್ಮ ಸ್ಪ್ರಿಂಗಿನ ತುದಿ ಅದರಿಂದ ಎರಡು ಬೆರಳು ದೂರ ಕೂತಿತ್ತು, ಉಜ್ಜಿದ ಜಾಗದಲ್ಲಿ ಹೊಸ ಕಪ್ಪು ಬಣ್ಣ ಎದ್ದು ಕಬ್ಬಿಣ ಹೊಳೆಯುತ್ತಿತ್ತು.

ಇಲ್ಲಿಂದ ಮುಂದೆ ಮನೆಯಲ್ಲಿ ಕೈ ಹಾಕಬೇಡಿ. ಸ್ಪ್ರಿಂಗ್ ಕಂಪ್ರೆಸರ್ ಎಂಬ ಉಪಕರಣದಿಂದ ಸ್ಪ್ರಿಂಗು ಒತ್ತಿ ಹಿಡಿಯದೆ ಶಾಕಿನ ಮೇಲಿನ ನಟ್ಟು ಬಿಚ್ಚಿದರೆ ಜೀವಕ್ಕೇ ಅಪಾಯ. ನಾನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಅದೇ ಗ್ಯಾರೇಜಿಗೆ ಹೋದೆ. ಹುಡುಗ ಫೋಟೋ ನೋಡಿ, ತಲೆ ಕೆರೆದುಕೊಂಡು, ಮಾತಾಡದೆ ಜಾಕ್ ತಂದ. ತುದಿಯನ್ನು ಮೆಟ್ಟಿಲಿಗೆ ಒತ್ತಿ ಕೂರಿಸಿದ್ದನ್ನು ನಿಂತು ನೋಡಿಯೇ ವೀಲ್ ಅಲೈನ್‌ಮೆಂಟಿಗೆ ಬಿಟ್ಟೆ. ಕೂಲಿ ಕೇಳಲಿಲ್ಲ, ಅಲೈನ್‌ಮೆಂಟಿನ ದುಡ್ಡು ಮಾತ್ರ ತಗೊಂಡರು.